ತಲೆಯ ಮೇಲೆ ಯಾರಿದ್ದಾರೆ?

ಛತ್ರದಲ್ಲಿ ಅಡುಗೆಮನೆಯ ಮೇಲಿನ ಕೋಣೆ ಸಿಕ್ಕಿದವರಿಗೆ ಬೆಳಗಿನ ಜಾವ ನಾಲ್ಕಕ್ಕೆ ಕೊಪ್ಪರಿಗೆ ಎಳೆಯುವ ಸದ್ದೇ ಸುಪ್ರಭಾತ. ಕ್ರೂಸ್ ಹಡಗಿನಲ್ಲೂ ಅದೇ ಪಾಡು. ವ್ಯತ್ಯಾಸ ಇಷ್ಟೇ: ಛತ್ರದ ಕೋಣೆ ಹೋದ ಮೇಲೆ ಗೊತ್ತಾಗುತ್ತದೆ, ಹಡಗಿನದ್ದನ್ನು ತಿಂಗಳುಗಳ ಮೊದಲೇ ನಕ್ಷೆಯಲ್ಲಿ ನೋಡಿಕೊಳ್ಳಬಹುದು. ಆದರೂ ನೋಡುವವರು ಕಡಿಮೆ.

ಇನ್‌ಸೈಡ್ ಕ್ಯಾಬಿನ್ ಎಂದರೆ ಹಡಗಿನ ಹೊಟ್ಟೆಯೊಳಗಿನ ಕಿಟಕಿಯಿಲ್ಲದ ಕೋಣೆ. ಈಗಿನ ಹಡಗುಗಳಲ್ಲಿ ಸಾಮಾನ್ಯವಾಗಿ 150ರಿಂದ 180 ಚದರ ಅಡಿ, ಹಳೆಯವುಗಳಲ್ಲಿ ಇನ್ನೂ ಚಿಕ್ಕದು. ಬುಕಿಂಗ್ ಮಾಡಿಸುವವರು ಇದನ್ನು ಕೊಂಚ ಸಂಕೋಚದಿಂದಲೇ ತೋರಿಸುತ್ತಾರೆ, ಬಾಲ್ಕನಿಗೆ ದುಡ್ಡಿಲ್ಲದವರ ಪಾಲಿನದು ಎಂಬಂತೆ. ನಿದ್ದೆಯ ಲೆಕ್ಕ ಹಿಡಿದರೆ ಮಾತು ಬೇರೆ. ಮಲೆನಾಡಿನ ಹಳೆಯ ಮನೆಗಳ ನಡುಮನೆಯ ಹಾಗೆ ಹಗಲಲ್ಲೂ ಕತ್ತಲು, ತಂಪು. ಗಾಳಿಯ ಶಿಳ್ಳೆ ಇಲ್ಲ, ಪಕ್ಕದ ಬಾಲ್ಕನಿಯವರ ಹರಟೆ ಇಲ್ಲ. ಸದ್ದು ಬಂದರೆ ಮೇಲಿನಿಂದ, ಕೆಳಗಿನಿಂದ ಅಥವಾ ಗೋಡೆಯಾಚೆಯಿಂದ ಬರಬೇಕು.

ಮೇಲಿನಿಂದ ಬರುವುದೇ ಹೆಚ್ಚು ಕಾಟ. ಈಜುಕೊಳ, ಬಫೆ ಇರುವ ಲಿಡೋ ಡೆಕ್ಕಿನ ಕೆಳಗಿನ ಮಹಡಿ ಬಹಳ ಜನಕ್ಕೆ ಇಷ್ಟ. ಊಟಕ್ಕೆ ಒಂದೇ ಮೆಟ್ಟಿಲು ಅಂತ. ಆದರೆ ಬೆಳಕು ಹರಿಯುವ ಮೊದಲೇ ಅಲ್ಲಿ ಸಿಬ್ಬಂದಿ ನೆಲ ತೊಳೆದು ಒರಗು ಕುರ್ಚಿಗಳನ್ನು ಸಾಲಿಗೆ ಎಳೆಯುತ್ತಾರೆ. ಒಂದು ಕುರ್ಚಿಯ ಸದ್ದು 'ಕ್ರ್ರ್', ಅಷ್ಟೇ. ಇನ್ನೂರು ಕುರ್ಚಿ ಇದ್ದರೆ ಇನ್ನೂರು ಕ್ರ್ರ್. ಕಿವಿಗೆ ಹತ್ತಿ ತುರುಕಿದರೂ ಇದು ಪೂರ್ತಿ ನಿಲ್ಲುವುದಿಲ್ಲ. ಮಾತು ಗಾಳಿಯಲ್ಲಿ ಬರುತ್ತದೆ, ಕುರ್ಚಿಯ ಸದ್ದು ಉಕ್ಕಿನಲ್ಲಿ ಇಳಿದು ಮಂಚದ ಕಾಲಿನಿಂದ ತಲೆದಿಂಬಿಗೆ ಹತ್ತುತ್ತದೆ. ಹಾಗಾಗಿ ಡೆಕ್ ನಕ್ಷೆಯನ್ನು ಒಂದಲ್ಲ, ಮೂರು ತೆರೆದಿಡಬೇಕು: ನಿಮ್ಮದು, ಮೇಲಿನದು, ಕೆಳಗಿನದು. ಮೂರರಲ್ಲೂ ಅದೇ ಜಾಗದಲ್ಲಿ ಕ್ಯಾಬಿನ್ನುಗಳೇ ಇದ್ದರೆ ಅರ್ಧ ಗೆದ್ದಿರಿ. ಮಲಗುವವರ ಮೇಲೂ ಕೆಳಗೂ ಮಲಗುವವರೇ ಇರಬೇಕು. ಕೆಳಗೆ ರಂಗಮಂದಿರವೋ ಡಿಸ್ಕೋವೋ ಇದ್ದರೆ ಹಾಡು ಕೇಳಿಸದಿದ್ದರೂ ಅದರ 'ಧಂ ಧಂ' ಮಧ್ಯರಾತ್ರಿ ದಾಟಿದ ಮೇಲೂ ನೆಲಕ್ಕೆ ತಾಗುತ್ತಿರುತ್ತದೆ.

ಮಹಡಿ ಎಣಿಸುವಾಗ ಒಂದು ತಮಾಷೆ ನೆನಪಿರಲಿ. ಅನೇಕ ಹಡಗುಗಳಲ್ಲಿ 13ನೇ ಡೆಕ್ಕೇ ಇರುವುದಿಲ್ಲ. 12ರ ನೆತ್ತಿಯ ಮೇಲೆ ಕೂರುವುದು 14. ಇಟಲಿಯ ನಂಟಿರುವ ಎಂಎಸ್‌ಸಿ ಕಂಪನಿಯ ಹಡಗುಗಳಲ್ಲಿ 13 ಇರುತ್ತದೆ, ಅಲ್ಲಿ ಅಪಶಕುನ 17ಕ್ಕೆ. ರಾಹುಕಾಲ ನೋಡಿ ಹೊರಡುವ ನಾವು ನಗುವ ಹಾಗಿಲ್ಲ.

ನಕ್ಷೆಯಲ್ಲಿ ಹೆಸರಿಲ್ಲದೆ ಬಿಳಿಯಾಗಿ ಬಿಟ್ಟ ಚೌಕಗಳ ಮೇಲೆ ಮಾತ್ರ ಗುಮಾನಿ ಇರಬೇಕು. ಅವು ಖಾಲಿ ಜಾಗವಲ್ಲ. ಅಡುಗೆಮನೆ, ಸಿಬ್ಬಂದಿಯ ಲಿಫ್ಟ್, ಹಾಸಿಗೆ ಬಟ್ಟೆಯ ಉಗ್ರಾಣ, ಯಂತ್ರದ ಕೋಣೆ, ಇಂಥದ್ದೇನೋ ಇರುತ್ತದೆ. ಅದರ ಎದುರಿನ ಕೋಣೆ ಹಿಡಿದರೆ ಬಾಗಿಲು ಬಡಿತ, ತಳ್ಳುಗಾಡಿಯ ಗಡಗಡ ದಿನವಿಡೀ. ಪ್ರಯಾಣಿಕರ ಲಿಫ್ಟನ್ನು ಎಲ್ಲರೂ ದೂರುತ್ತಾರೆ, ಪಾಪ, ಅದು ಸುಮ್ಮನೆ ಹೋಗಿಬರುತ್ತದೆ. ಸದ್ದು ಮಾಡುವವರು ಅದಕ್ಕೆ ಕಾಯುವವರು. ನಾಲ್ಕೈದು ಬಾಗಿಲು ಒಳಗೆ ಸರಿದರೆ ಸಾಕು. ಎರಡು ಕೋಣೆಗಳ ನಡುವೆ ಬಾಗಿಲಿರುವ ಕನೆಕ್ಟಿಂಗ್ ಕ್ಯಾಬಿನ್ನನ್ನು ಕುಟುಂಬ ಒಟ್ಟಿಗಿಲ್ಲದಿದ್ದರೆ ಬಿಟ್ಟೇಬಿಡಿ. ಗೋಡೆ ತಡೆಯುವ ಗೊರಕೆಯನ್ನು ಬಾಗಿಲು ತಡೆಯುವುದಿಲ್ಲ. ಸಿಕ್ಕೇಬಿಟ್ಟರೆ ಅದರ ಬುಡಕ್ಕೆ ಸ್ನಾನದ ಟವೆಲ್ ಸುತ್ತಿ ಒತ್ತಿ.

ಇನ್ನು ಉದ್ದಕ್ಕೆ. ಬಸ್ಸಿನ ಹಿಂದಿನ ಸೀಟು ಬೇಡವೆನ್ನುವ ಬುದ್ಧಿ ಇಲ್ಲೂ ನಡೆಯುತ್ತದೆ. ನಡು ಭಾಗ, ಕೆಳ ಮಹಡಿ ಎಂದರೆ ಓಲಾಟವೂ ಕಡಿಮೆ. ಹಿಂಬದಿಯಲ್ಲಿ ಪ್ರೊಪೆಲ್ಲರಿನ ನಡುಕ. 1998ರಲ್ಲಿ ಕಾರ್ನಿವಲ್ ಇಲೇಶನ್ ಎಂಬ ಹಡಗಿನಿಂದ ಶುರುವಾಗಿ ಕ್ರೂಸ್ ಹಡಗುಗಳಿಗೆ ಅಜಿಪಾಡ್ ಎಂಬ ಪ್ರೊಪೆಲ್ಲರ್ ವ್ಯವಸ್ಥೆ ಬಂದ ಮೇಲೆ ಈ ನಡುಕ ಇಳಿದಿದೆ, ಏಕೆಂದರೆ ಅದರಲ್ಲಿ ಮೋಟಾರೇ ಹಡಗಿನ ಹೊರಗೆ, ನೀರೊಳಗಿನ ಗೂಡಿನಲ್ಲಿರುತ್ತದೆ. ಮುಂಬೈಯಿಂದ ಹೊರಡುವ ಕಾರ್ಡೀಲಿಯಾ ಎಂಪ್ರೆಸ್ 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಿಂದ ಓಡಾಟ ಶುರುಮಾಡಿದ್ದು, ಅಂದರೆ ಅದಕ್ಕಿಂತ ಹಿಂದಿನ ತಲೆಮಾರಿನದು; ಇಂಥ ಹಡಗಿನಲ್ಲಿ ನಡು ಭಾಗಕ್ಕೇ ಅಂಟಿಕೊಳ್ಳುವುದು ಲೇಸು. ಮುಂಬದಿಯ ತಾಪತ್ರಯ ಬಂದರು ಹತ್ತಿರವಾದಾಗ. ಹಡಗನ್ನು ಅಡ್ಡಕ್ಕೆ ತಳ್ಳುವ ಬೌ ಥ್ರಸ್ಟರ್ ಗುಡುಗುತ್ತದೆ. ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದಡಕ್ಕೆ ಹೋಗದೆ ದೂರದಲ್ಲೇ ನಿಂತು ಲಂಗರು ಇಳಿಸುತ್ತದೆ. ಆ ಸರಪಳಿ ಬೆಳಿಗ್ಗೆ ಇಳಿಯುವಾಗ ಮುಂಬದಿಯ ಕೆಳ ಮಹಡಿಯಲ್ಲಿ ಮಲಗಿದವರಿಗೆ ಬೇರೆ ಅಲಾರಂ ಬೇಕಿಲ್ಲ.

ಒಳಕೋಣೆಗೂ ಕಿಟಕಿ ಇಟ್ಟದ್ದುಂಟು. ರಾಯಲ್ ಕೆರಿಬಿಯನ್ ಕಂಪನಿಯ 1999ರ ವಾಯೇಜರ್ ಆಫ್ ದಿ ಸೀಸ್ ಹಡಗಿನಲ್ಲಿ ಕೆಲವು ಕಿಟಕಿಗಳು ಹಡಗಿನೊಳಗಿನ ಅಂಗಡಿ ಬೀದಿಗೆ ತೆರೆದುಕೊಳ್ಳುತ್ತವೆ. ಜಾತ್ರೆ ನೋಡುವ ಆಸೆಯಿದ್ದರೆ ಚೆಂದ, ನಿದ್ದೆಗೆ ರಥಬೀದಿಯ ಮನೆ. ಕಡಿಮೆ ದರದ ಗ್ಯಾರಂಟಿ ಕ್ಯಾಬಿನ್ ಕೂಡ ನಿದ್ದೆ ತೆಳುವಾದವರಿಗೆ ಹೇಳಿದ್ದಲ್ಲ. ಅದರಲ್ಲಿ ಕೋಣೆ ಆರಿಸುವುದು ಕಂಪನಿ, ನೀವಲ್ಲ.

ಇಷ್ಟೆಲ್ಲ ಅಳೆದು ತೂಗಿ ಒಳಹೊಕ್ಕ ಮೇಲೂ ಮೊದಲ ರಾತ್ರಿ ಎಲ್ಲಿಂದಲೋ 'ಟಿಕ್... ಟಿಕ್' ಕೇಳಿಸುತ್ತದೆ. ಹಡಗು ವಾಲಿದಾಗೊಮ್ಮೆ ಬೀರುವಿನಲ್ಲಿ ಖಾಲಿ ಹ್ಯಾಂಗರುಗಳು ಒಂದಕ್ಕೊಂದು ತಾಗುತ್ತಿರುತ್ತವೆ. ಅವನ್ನು ತೆಗೆದು ಹಾಸಿಗೆಯಡಿ ಇಡಿ. ನಂತರವೂ ಕಿರುಗುಟ್ಟಿದರೆ ಅದು ಗೋಡೆಯ ಹಲಗೆ: ಅಂಗೈ ಒತ್ತುತ್ತ ಹೋಗಿ, ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿನ ಸಂದಿಗೆ ದಿನದ ಕಾರ್ಯಕ್ರಮದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿ. ದೀಪ ಆರಿಸುವ ಮುನ್ನ ಟಿವಿಯಲ್ಲಿ ಹಡಗಿನ ಮೂತಿಯ ಕ್ಯಾಮೆರಾ ತೋರಿಸುವ ಚಾನೆಲ್ ಇದ್ದರೆ ಹಾಕಿ ಸದ್ದು ಅಡಗಿಸಿಡಿ. ರಾತ್ರಿಯೆಲ್ಲ ಕಪ್ಪಗಿದ್ದು, ಬೆಳಗಾದಾಗ ಕೋಣೆಯಲ್ಲಿ ಬೆಳಗಾಗುವುದು ಆ ಪರದೆಯೊಂದರಲ್ಲೇ.