ಚಿಂತಕರ ಚಾವಡಿಯಿಂದ ಗಡಿಗೆ ಎಷ್ಟು ದೂರ?

ಪ್ರಶ್ನೆ: ನೆರೆದೇಶಗಳ ನಡುವಿನ ಶಾಂತಿ, ಭದ್ರತೆಯನ್ನು ಅಧ್ಯಯನ ಮಾಡುವ ಚಿಂತಕರ ಚಾವಡಿಗಳಿಂದ (ಥಿಂಕ್ ಟ್ಯಾಂಕ್) ಪ್ರಯೋಜನ ಇದೆಯೆ?

ಪರ: ಲೆಕ್ಕ ಬರೆದಿಡುವವರು ಬೇಕಲ್ಲ
(ಧಾರವಾಡದ ಒಬ್ಬ ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕರು)

ಸಂಪಾದಕರು ಫೋನ್ ಮಾಡಿ, "ವಿರೋಧಕ್ಕೆ ಜನ ಸಿಕ್ಕಿದ್ದಾರೆ, ಪರವಾಗಿ ನೀವು ಬರೆಯಿರಿ ಸರ್" ಎಂದರು. ಉಳಿದ ಸೀಟು ಯಾವುದೋ ಅದು ನನಗೆ. ಮೂವತ್ತು ವರ್ಷ ಅಂತರರಾಷ್ಟ್ರೀಯ ಸಂಬಂಧಗಳನ್ನು ಪಾಠ ಮಾಡಿದವನು ಒಲ್ಲೆ ಎನ್ನುವುದು ಹೇಗೆ? ಒಪ್ಪಿಕೊಂಡೆ.

1999ರ ಜುಲೈ, ಕಾರ್ಗಿಲ್ ಯುದ್ಧದಲ್ಲಿ ಪಾಕಿಸ್ತಾನದವರು ಹಿಡಿದಿದ್ದ ಟೈಗರ್ ಹಿಲ್ ಮರಳಿ ನಮ್ಮ ಕೈಗೆ ಬಂದ ವಾರ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಅಷ್ಟ್ ಮಂದಿ ಗುಡ್ಡ ಹತ್ತಿ ಕುಂತ್ರೂ ನಮ್ಮವ್ರಿಗೆ ಗೊತ್ತಾಗ್ಲಿಲ್ಲೇನ್ರೀ?" ಎಂದು ಕೇಳಿದ. ನನ್ನ ಬಳಿ ಉತ್ತರ ಇರಲಿಲ್ಲ. "ಚಳಿಗಾಲ, ಹಿಮ" ಎಂದು ಏನೋ ಹೇಳಿ ಕೂರಿಸಿದೆ. ಅದೇ ತಿಂಗಳ ಕೊನೆಗೆ ಕೇಂದ್ರ ಸರ್ಕಾರ ಕಾರ್ಗಿಲ್ ಪರಿಶೀಲನಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಕೆ. ಸುಬ್ರಹ್ಮಣ್ಯಂ. ಸರ್ಕಾರ ಅವರನ್ನೇ ಏಕೆ ಆರಿಸಿತು? ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆ ಎಂಬ ಚಾವಡಿಯನ್ನು ಎರಡು ಸಲ ನಡೆಸಿದವರು ಅವರು. ಆ ಸಂಸ್ಥೆ ಹುಟ್ಟಿದ್ದು 1965ರಲ್ಲಿ, ಚೀನಾ ಯುದ್ಧದ ಪೆಟ್ಟು ತಿಂದ ಮೂರೇ ವರ್ಷಕ್ಕೆ. ಈಗ ಅದಕ್ಕೆ ಮನೋಹರ ಪರಿಕ್ಕರ್ ಅವರ ಹೆಸರಿದೆ. ನೆರೆಯವರ ಸೈನ್ಯ, ಬಜೆಟ್ಟು, ಹೇಳಿಕೆಗಳನ್ನು ವರ್ಷಗಟ್ಟಲೆ ಓದಿ, ಕತ್ತರಿಸಿ, ಅಂಟಿಸಿ ಇಟ್ಟವರಿಗೆ ಮಾತ್ರ ಕೇಳಬೇಕಾದ ಪ್ರಶ್ನೆ ಯಾವುದೆಂದು ಗೊತ್ತಿರುತ್ತದೆ. ಆ ಸಮಿತಿಯ ವರದಿ, ಅದರ ಬೆನ್ನಿಗೇ ಬಂದ ಸಚಿವರ ಗುಂಪಿನ ಶಿಫಾರಸು, ಇವೆರಡರಿಂದ ಮುಂದೆ ರಕ್ಷಣಾ ಗುಪ್ತಚರ ಸಂಸ್ಥೆ ಬಂತು, ತಾಂತ್ರಿಕ ಬೇಹುಗಾರಿಕೆಗೊಂದು ಸಂಸ್ಥೆ ಬಂತು. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥರು ಬಂದದ್ದು 2020ರ ಜನವರಿಯಲ್ಲಿ. ಆಗ ಸುಬ್ರಹ್ಮಣ್ಯಂ ತೀರಿಕೊಂಡು ಒಂಬತ್ತು ವರ್ಷವಾಗುತ್ತ ಬಂದಿತ್ತು. ಸರ್ಕಾರದ ಎತ್ತಿನಗಾಡಿ ಅಷ್ಟು ನಿಧಾನ. ಅದಕ್ಕೇ ಹೇಳುವುದು, ಲೆಕ್ಕ ಬರೆದಿಡುವವರು ಬೇಕು. ಮಂತ್ರಿ ಬದಲಾಗುತ್ತಾರೆ, ಕಾರ್ಯದರ್ಶಿ ನಿವೃತ್ತರಾಗುತ್ತಾರೆ, ಕಡತ ಗೆದ್ದಲು ಹಿಡಿಯುತ್ತದೆ. ಚಾವಡಿಯಲ್ಲಿ ಕೂತವನು ಮರೆಯುವುದಿಲ್ಲ.

ಇನ್ನೊಂದು ಉದಾಹರಣೆ. ಪ್ರತಿ ಜೂನ್ ತಿಂಗಳು ನಮ್ಮ ಕನ್ನಡ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ: ಭಾರತದ ಬಳಿ ಇಷ್ಟು ಅಣು ಸಿಡಿತಲೆ, ಪಾಕಿಸ್ತಾನದ ಬಳಿ ಇಷ್ಟು. 2025ರ ಅಂದಾಜು ನಮ್ಮದು 180, ಅವರದು 170, ಚೀನಾದ್ದು 600. ಈ ಸಂಖ್ಯೆಯನ್ನು ದೆಹಲಿಯೂ ಹೇಳುವುದಿಲ್ಲ, ಇಸ್ಲಾಮಾಬಾದೂ ಹೇಳುವುದಿಲ್ಲ. ಹೇಳುವುದು ಸ್ಟಾಕ್‌ಹೋಮಿನ ಸಿಪ್ರಿ ಎಂಬ ಶಾಂತಿ ಸಂಶೋಧನಾ ಚಾವಡಿ. ಸ್ವೀಡನ್ನು ಯುದ್ಧವಿಲ್ಲದೆ 150 ವರ್ಷ ಕಳೆದದ್ದರ ನೆನಪಿಗೆ 1966ರಲ್ಲಿ ಕಟ್ಟಿದ ಸಂಸ್ಥೆ. ಅವರ ಲೆಕ್ಕ ಇರದಿದ್ದರೆ ಟಿವಿಯಲ್ಲಿ ಕೂಗುವವರು ಹೇಳಿದ್ದೇ ಲೆಕ್ಕವಾಗುತ್ತಿತ್ತು. ಅಷ್ಟು ದೂರ ಯಾಕೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ನಿಯಾಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ನೆರೆದೇಶಗಳ ಕ್ಷಿಪಣಿಗಳ ಬಹಿರಂಗ ಚಿತ್ರಗಳನ್ನೇ ಅಳೆದು ತೂಗಿ ಅವುಗಳ ಸಾಮರ್ಥ್ಯ ಲೆಕ್ಕ ಹಾಕಿದ್ದಾರೆ. ಯಾವ ಗುಟ್ಟಿನ ಕಡತವೂ ಇಲ್ಲದೆ. ಮತ್ತೆ ಅದೇ ಮಾತು, ಲೆಕ್ಕ.

ಹಣ ಯಾರದು ಎಂದು ಕೇಳುವವರಿದ್ದಾರೆ. ಉಳವಿ ಜಾತ್ರೆಯ ದಾಸೋಹದಲ್ಲಿ ಅಕ್ಕಿ ಯಾರ ಮನೆಯದು ಎಂದು ಕೇಳಿ ಎಲೆಯ ಮುಂದೆ ಕೂರುತ್ತೇವೆಯೆ? ಹಾಗೆ ಕೇಳುತ್ತ ಹೋದರೆ ಉಪವಾಸವೇ ಗತಿ. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಹೇಳುವುದಕ್ಕೇನೂ ಇಲ್ಲ.

ಸರ್ಕಾರಗಳು ಮುಖ ತಿರುಗಿಸಿ ಕೂತಾಗ ಮಾತಾಡಲು ಯಾರಾದರೂ ಬೇಕು, ಅದೂ ಇದೆ. 1991ರಲ್ಲಿ ರಾಜಸ್ಥಾನದ ನೀಮ್‌ರಾಣಾ ಕೋಟೆಯಲ್ಲಿ ಭಾರತ, ಪಾಕಿಸ್ತಾನ ಎರಡೂ ದೇಶದ ನಿವೃತ್ತ ರಾಯಭಾರಿಗಳು, ಸೇನಾಧಿಕಾರಿಗಳು, ಪ್ರಾಧ್ಯಾಪಕರು ಕೂತು ಶುರುಮಾಡಿದ ಮಾತುಕತೆ ಕಾರ್ಗಿಲ್ ಯುದ್ಧವಾದರೂ ಪೂರ್ತಿ ಸಾಯಲಿಲ್ಲ. ಅದರಿಂದ ಗಡಿಯಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಬೆರಳಿಟ್ಟು ತೋರಿಸುವುದು ಕಷ್ಟ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊಲಂಬೊದಲ್ಲಿ ಇಂಥದೇ ಒಂದು ಕಮ್ಮಟಕ್ಕೆ ಹೋಗಿದ್ದಳು. ಲಾಹೋರಿನ ಹುಡುಗಿ ರೂಮ್‌ಮೇಟ್. ಹತ್ತು ದಿನದಲ್ಲಿ ಕಾಶ್ಮೀರದ ಬಗ್ಗೆ ಇಬ್ಬರ ಅಭಿಪ್ರಾಯವೂ ಕೂದಲೆಳೆಯಷ್ಟೂ ಬದಲಾಗಲಿಲ್ಲವಂತೆ. ಆದರೆ ಇವತ್ತಿಗೂ ಹಬ್ಬಕ್ಕೆ ಸಂದೇಶ ಕಳಿಸುತ್ತಾರೆ.

ಚಾವಡಿಗಳ ವರದಿ ಓದುತ್ತ ಎಷ್ಟೋ ಮಧ್ಯಾಹ್ನ ನಾನೇ ತೂಕಡಿಸಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಪಂಚಾಂಗವನ್ನೂ ಯಾರೂ ರುಚಿಗೆ ಓದುವುದಿಲ್ಲ. ಆದರೂ ಮನೆಯಲ್ಲಿ ಒಂದು ಇರುತ್ತದೆ.

ವಿರೋಧ: ಹಣ ಯಾರದೋ ಮಾತೂ ಅವರದೇ
(ದೆಹಲಿಯ ಸಂಸ್ಥೆಯೊಂದರಲ್ಲಿ ಸಂಶೋಧನಾ ಸಹಾಯಕರಾಗಿದ್ದ ಮಲ್ಪೆಯವರು)

ಮೂರು ವರ್ಷ ನಾನು ಈ ಚಾವಡಿಯೊಳಗೇ ಇದ್ದವನು. ಯಾವ ಸಂಸ್ಥೆ ಎಂದು ಹೇಳುವುದಿಲ್ಲ, ಹೇಳಿದರೂ ಏನೂ ವ್ಯತ್ಯಾಸವಿಲ್ಲ. ಸಂಶೋಧನಾ ಸಹಾಯಕ ಅಂದರೆ ಏನು ಕೆಲಸ ಗೊತ್ತೇ? ದುಂಡುಮೇಜಿನ ಮೇಲಿಡುವ ಹೆಸರಿನ ಪಟ್ಟಿ ಮುದ್ರಿಸುವುದು. ಯಾವ ನಿವೃತ್ತ ಜನರಲ್ ಪಕ್ಕ ಯಾವ ನಿವೃತ್ತ ರಾಯಭಾರಿ ಕೂರಬಾರದು ಎಂದು ನೆನಪಿಡುವುದು. ಹನ್ನೊಂದೂವರೆಗೆ ಚಹಾ, ಸಮೋಸ ಬರಲಿಲ್ಲವಾದರೆ ಅಡುಗೆಯವರಿಗೆ ಫೋನ್ ಮಾಡುವುದು. ಸಂಜೆ ಕೂತು "ಮುಖ್ಯಾಂಶಗಳು" ಬರೆಯುವುದು. ಯಾರು ಏನು ಹೇಳಿದರು ಎಂದು ಬರೆಯುವಂತಿಲ್ಲ, ಚ್ಯಾಟಮ್ ಹೌಸ್ ನಿಯಮವಂತೆ. ಹಾಗಾಗಿ "ಒಬ್ಬ ಭಾಗವಹಿಸಿದವರು ಅಭಿಪ್ರಾಯಪಟ್ಟರು", "ಮತ್ತೊಬ್ಬರು ಭಿನ್ನವಾಗಿ ಯೋಚಿಸಿದರು". ಕೊನೆಯ ಸಾಲು ಪ್ರತಿ ಸಲವೂ ಒಂದೇ: ಇನ್ನಷ್ಟು ಸಂವಾದ ಅಗತ್ಯ. ಅಂದರೆ ಇನ್ನೊಂದು ಸಭೆ, ಇನ್ನೊಂದು ಸುತ್ತು ಸಮೋಸ.

ಪರವಾಗಿ ಬರೆಯುವವರು ಕಾರ್ಗಿಲ್ ಸಮಿತಿಯನ್ನು ತಂದೇ ತರುತ್ತಾರೆ. ಅದು ಸರ್ಕಾರ ನೇಮಿಸಿದ ಸಮಿತಿ, ಸುಬ್ರಹ್ಮಣ್ಯಂ ಐಎಎಸ್ ಅಧಿಕಾರಿ. ಮುಗಿಯಿತು. ಸಿಪ್ರಿಯನ್ನೂ ತರುತ್ತಾರೆ. ಸ್ವೀಡನ್ನಿನವರು ಒಂದು ಕೈಯಲ್ಲಿ ಶಸ್ತ್ರಾಸ್ತ್ರದ ಲೆಕ್ಕ ಬರೆಯುತ್ತಾರೆ, ಇನ್ನೊಂದು ಕೈಯಲ್ಲಿ 1986ರಲ್ಲಿ ನಮಗೆ ಬೊಫೋರ್ಸ್ ಫಿರಂಗಿ ಮಾರುತ್ತಾರೆ. ಸಂಸ್ಥೆ ಬೇರೆ, ಕಂಪನಿ ಬೇರೆ ಎನ್ನುತ್ತೀರಿ. ಇರಲಿ, ದೇಶ ಒಂದೇ ತಾನೆ?

ನನ್ನ ಪ್ರಶ್ನೆ ಒಂದೇ, ಹಣ ಯಾರದು? 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಾಷಿಂಗ್ಟನ್ನಿನ ದೊಡ್ಡ ದೊಡ್ಡ ಚಾವಡಿಗಳಿಗೆ ಬೇರೆ ದೇಶದ ಸರ್ಕಾರಗಳು ಹಣ ಸುರಿಯುವುದನ್ನು ಬಯಲು ಮಾಡಿತು. ಬ್ರೂಕಿಂಗ್ಸ್ ಸಂಸ್ಥೆಗೆ ಕತಾರ್ ಕೊಡಲು ಒಪ್ಪಿದ್ದು ನಾಲ್ಕು ವರ್ಷಕ್ಕೆ 1.48 ಕೋಟಿ ಡಾಲರ್. ಪಟ್ಟಿಯಲ್ಲಿ ನಾರ್ವೆಯೂ ಇತ್ತು. ಅಮೆರಿಕದಲ್ಲೇ ಹೀಗಾದರೆ ನಮ್ಮಲ್ಲಿ ಕೇಳಬೇಕೆ? ಇಲ್ಲಿ ಹೊರಗಿನ ಹಣ ತಂದರೆ ಗೃಹ ಸಚಿವಾಲಯದ ಭಯ, ಸರ್ಕಾರದ ಹಣ ತಂದರೆ ಸರ್ಕಾರದ ಭಯ, ಕಂಪನಿಯ ಹಣ ತಂದರೆ ಕಂಪನಿಯ ಭಯ. ಹೆದರಿಕೊಂಡೇ ಬರೆದದ್ದಕ್ಕೆ ಸಂಶೋಧನೆ ಎಂದು ಹೆಸರು.

ನನ್ನ ಕಥೆ ಹೇಳಿಬಿಡುತ್ತೇನೆ. ಎರಡನೇ ವರ್ಷ ನನಗೆ ತಮಿಳುನಾಡು, ಶ್ರೀಲಂಕಾ ನಡುವಿನ ಪಾಕ್ ಜಲಸಂಧಿಯ ಮೀನುಗಾರರ ವಿಷಯ ಕೊಟ್ಟರು. ನಮ್ಮ ಬೋಟುಗಳನ್ನು ಶ್ರೀಲಂಕಾದ ನೌಕಾಪಡೆ ಹಿಡಿಯುವುದು, ಜನ ಜೈಲಿಗೆ ಹೋಗುವುದು, ಇಲ್ಲಿ ಮುಷ್ಕರ, ಪತ್ರ, ಬಿಡುಗಡೆ, ಮತ್ತೆ ಅದೇ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು 1974ರ ಒಪ್ಪಂದ, ಅದರಲ್ಲಿ ಶ್ರೀಲಂಕಾದ ಪಾಲಾದ ಕಚ್ಚತೀವು ದ್ವೀಪ, ಕಡಲ ಗಡಿ, ಮೀನುಗಾರಿಕೆಯ ಬಗ್ಗೆ ಎರಡು ಸರ್ಕಾರಗಳ 1976ರ ಪತ್ರ ವಿನಿಮಯ. ಬೋಟು ಹತ್ತಿದವರು ಯಾರೂ ಇರಲಿಲ್ಲ. ಮಲ್ಪೆಯ ಹುಡುಗ ಇದ್ದಾನಲ್ಲ ಎಂದು ನನ್ನನ್ನೇ ನಾಲ್ಕು ದಿನಕ್ಕೆ ರಾಮೇಶ್ವರಕ್ಕೆ ಕಳಿಸಿದರು. ಮೇ ತಿಂಗಳು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಬಣ್ಣ ಬಳಿಯುವುದು, ಬಲೆ ಹೊಲಿಯುವುದು ನಡೆದಿತ್ತು. ಮಾತಾಡಲು ಎಲ್ಲರಿಗೂ ಪುರುಸೊತ್ತು.

ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಅಜ್ಜ, ಎಪ್ಪತ್ತರ ಮೇಲೆ ವಯಸ್ಸು. ನನಗೆ ತಮಿಳು ಅಷ್ಟಕ್ಕಷ್ಟೆ, ಆಟೋ ಡ್ರೈವರೇ ದುಭಾಷಿ. ಮೊದಲು ಎಲ್ಲರೂ ಹೇಳುವುದನ್ನೇ ಹೇಳಿದರು: ನೌಕಾಪಡೆ ಹೊಡೆಯುತ್ತದೆ, ಬೋಟು ಕಿತ್ತುಕೊಳ್ಳುತ್ತದೆ. ನಾನು ಮೀನುಗಾರರ ಮನೆಯವನು ಎಂದು ಗೊತ್ತಾದ ಮೇಲೆ ದಾರವನ್ನು ಹಲ್ಲಿನಲ್ಲಿ ಕಡಿದು, ಬಲೆಯ ಬಾಯಿಯ ಕೆಳಗಿನ ಕಬ್ಬಿಣದ ಸರಪಳಿಯನ್ನು ಎತ್ತಿ ನನ್ನ ಕೈಯಲ್ಲಿಟ್ಟರು. "ಇದು ಸಮುದ್ರದ ನೆಲ ಉಳುತ್ತದೆ. ನಮ್ಮ ಕಡೆ ಉತ್ತು ಮುಗಿಯಿತು. ಆ ಕಡೆ ಯುದ್ಧ ಇದ್ದಾಗ ಅವರು ಕಡಲಿಗೆ ಇಳಿಯುವಂತಿರಲಿಲ್ಲ, ನಾವೇ ಹೋಗಿ ಉತ್ತೆವು. ಈಗ ಯುದ್ಧ ಮುಗಿದಿದೆ, ಅವರೂ ಇಳಿದಿದ್ದಾರೆ. ರಾತ್ರಿ ಅವರು ಬಿಟ್ಟ ಬಲೆ ನಮ್ಮ ಬೋಟಿಗೆ ಸಿಕ್ಕಿ ಹರಿಯುತ್ತದೆ. ಅವರೂ ತಮಿಳರೇ, ಕಚ್ಚತೀವಿನ ಅಂತೋಣಿಯಾರ್ ಹಬ್ಬದಲ್ಲಿ ಸಿಗುತ್ತಾರೆ. ನನ್ನ ಮುಖ ನೋಡುವುದಿಲ್ಲ."

ನನಗೆ ಇದು ಹೊಸದಾಗಿರಲಿಲ್ಲ. ನನ್ನ ಅಜ್ಜ ರಂಪಣಿಯವರು. ಊರಿನ ಹತ್ತಾರು ಜನ ಸೇರಿ ದಡದಿಂದ ಎಳೆಯುವ ಬಲೆ, ಬಂದ ಬಂಗುಡೆ ಎಲ್ಲರಿಗೂ ಪಾಲು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟು ಬಂತು, ಮೀನು ದಡಕ್ಕೆ ಬರುವ ಮೊದಲೇ ಸುತ್ತುವರಿದು ಎತ್ತಿತು, ರಂಪಣಿ ಮುಗಿಯಿತು. ಎರಡು ದೇಶದ ಜಗಳ ಎಂದು ಆಫೀಸಿನಲ್ಲಿ ನಾವು ನಕ್ಷೆ ಬಿಡಿಸುತ್ತಿದ್ದದ್ದು ಮೂಲದಲ್ಲಿ ದೊಡ್ಡ ಬಲೆಗೂ ಸಣ್ಣ ಬಲೆಗೂ ನಡೆಯುವ ಜಗಳ. ಇದರಲ್ಲಿ ಇನ್ನೊಂದು ತಮಾಷೆ ಇದೆ. ಐವತ್ತರ ದಶಕದಲ್ಲಿ ಕೇರಳದಲ್ಲಿ ಶುರುವಾಗಿ, ಮುಂದೆ ಕಾರವಾರಕ್ಕೂ ರಾಮೇಶ್ವರದ ಪಕ್ಕದ ಮಂಡಪಂಗೂ ಬಂದ ಮೀನುಗಾರಿಕೆ ಯಾಂತ್ರೀಕರಣದ ಯೋಜನೆ ಯಾರದು? ನಾರ್ವೆಯದು. 2002ರಲ್ಲಿ ಶ್ರೀಲಂಕಾ ಸರ್ಕಾರಕ್ಕೂ ಎಲ್‌ಟಿಟಿಇಗೂ ಕದನವಿರಾಮ ಮಾಡಿಸಿದ್ದು ಯಾರು? ನಾರ್ವೆ. ಎಂಜಿನ್ನೂ ಅವರದೇ, ಶಾಂತಿಯೂ ಅವರದೇ, ಚಾವಡಿಯ ಚಂದಾ ಕೂಡ ಅವರದೇ. ನಾರ್ವೆಯವರ ಮೇಲೆ ನನಗೆ ದ್ವೇಷವಿಲ್ಲ, ಒಳ್ಳೆಯ ಜನ ಇರಬಹುದು.

ವಾಪಸ್ ಬಂದು ಎಂಟು ಪುಟ ಬರೆದೆ. ಕೆಳತಳ ಗುಡಿಸುವ ಟ್ರಾಲಿಂಗನ್ನು ನಾವೇ ನಿಲ್ಲಿಸದೆ ಈ ಜಗಳ ನಿಲ್ಲದು, ಶ್ರೀಲಂಕಾ 2017ರಲ್ಲಿ ತನ್ನ ಕಾನೂನಿನಲ್ಲೇ ಅದನ್ನು ನಿಷೇಧಿಸಿದೆ, ನಮ್ಮ ಬೋಟಿನವರ ತಪ್ಪೂ ಇದೆ, ಅದನ್ನು ನಮ್ಮವರೇ ಒಪ್ಪುತ್ತಾರೆ ಎಂದು ಬರೆದೆ. ಅಜ್ಜನ ಮಾತು ಹಾಕಿದೆ, ಸರಪಳಿಯನ್ನೂ ಬಿಡಲಿಲ್ಲ. ಮೂರನೇ ದಿನ ಫೈಲು ವಾಪಸ್ ಬಂತು, ತುಂಬ ಕೆಂಪು ಗೆರೆ. ಮೇಲಿನವರು ಒಳಗೆ ಕರೆದು ಪ್ರೀತಿಯಿಂದಲೇ ಹೇಳಿದರು: "ನೋಡಪ್ಪಾ, ತಮಿಳುನಾಡಿನಲ್ಲಿ ಚುನಾವಣೆ ಹತ್ತಿರ ಇದೆ. ಇದನ್ನು ಅಲ್ಲಿಯವರು ಹಿಡಿದುಕೊಂಡರೆ ಗಲಾಟೆ. ಹಣ ಕೊಡುವವರಿಗೂ ವಿವಾದ ಬೇಕಿಲ್ಲ." ನನ್ನ ಎಂಟು ಪುಟ ಎರಡಾಯಿತು. "ಟ್ರಾಲಿಂಗ್" ಎಂಬ ಪದ ಒಂದು ಸಲ ಉಳಿಯಿತು, ಅದೂ ಆವರಣದೊಳಗೆ. "ನಮ್ಮ ಬೋಟಿನವರ ತಪ್ಪು" ಹೋಗಿ ಅಲ್ಲಿ "ಎರಡೂ ಕಡೆಯ ಪಾಲುದಾರರ ಜೀವನೋಪಾಯದ ಕಾಳಜಿಗಳು" ಬಂತು. ಇನ್ನಷ್ಟು ಸಂವಾದ ಅಗತ್ಯ, ಅದು ಇದ್ದೇ ಇತ್ತು.

ಆ ಎರಡು ಪುಟ ಸೇರಿದ ದೊಡ್ಡ ವರದಿ ನುಣುಪು ಕಾಗದದಲ್ಲಿ ಬಂತು. ಮುಖಪುಟದಲ್ಲಿ ಮುಳುಗುವ ಸೂರ್ಯ, ಮುಂದೆ ಒಂದು ಕೇರಳದ ವಳ್ಳ. ರಾಮೇಶ್ವರದಲ್ಲಿ ಯಾರೂ ಅಂಥ ದೋಣಿಯಲ್ಲಿ ಹೋಗುವುದಿಲ್ಲ. ಚಿತ್ರ ಆರಿಸಿದವರಿಗೆ ನಾನು ಹೇಳಿದೆ. ಚಿತ್ರ ಚೆನ್ನಾಗಿದೆಯಲ್ಲ ಎಂದರು. ಐದು ನಕ್ಷತ್ರದ ಹೋಟೆಲಿನಲ್ಲಿ ಬಿಡುಗಡೆ, ಹೆಸರಿನ ಪಟ್ಟಿ ಮುದ್ರಿಸಿದ್ದು ನಾನೇ.

ಅಜ್ಜನಿಗೆ ಒಂದು ಪ್ರತಿ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅವರ ಮೊಮ್ಮಗಳು ಕಾಲೇಜಿಗೆ ಹೋಗುತ್ತಿದ್ದಳು, ಅವಳ ಫೋನಿಗೆ ಪಿಡಿಎಫ್ ಕಳಿಸಿದೆ. ಎರಡು ದಿನ ಬಿಟ್ಟು ಅವಳಿಂದ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ತಾತ ಹೇಳಿದ್ದು ಇದರಲ್ಲಿ ಎಲ್ಲಿದೆ ಎಂದು. ನಾನು ಮತ್ತೊಮ್ಮೆ ಹುಡುಕಿ ಉತ್ತರ ಕಳಿಸಿದೆ: ಪುಟ 31, ಅಡಿಟಿಪ್ಪಣಿ 44, "ಸ್ಥಳೀಯರೊಂದಿಗಿನ ಸಮಾಲೋಚನೆ, ರಾಮೇಶ್ವರ."