ಮಕ್ಕಳು ಇಬ್ಬರು, ಕೈಯೂ ಎರಡೇ

ದಸರಾ ರಜೆ ಬಂತೆಂದರೆ ತವರಿಗೆ ಹೋಗುವ ಖುಷಿಗಿಂತ ರೈಲಿನ ಭಯವೇ ಜಾಸ್ತಿ. ಗಂಡ ದುಬೈಯಲ್ಲಿ. 6 ವರ್ಷದ ಮಗಳು, 3 ವರ್ಷದ ಮಗನ ಜೊತೆ ಮಂಗಳೂರಿಂದ ಬೆಂಗಳೂರಿಗೆ ನಾನೊಬ್ಬಳೇ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಬರ್ತೂ ಇಲ್ಲ. 5 ದಾಟಿದ ಮಗುವಿಗೆ ಬರ್ತ್ ಬೇಕಂದರೆ 2016ರಿಂದ ಪೂರ್ತಿ ದುಡ್ಡು. ಕೊಟ್ಟಿದ್ದೇನೆ. ಆದರೂ ಹತ್ತಿ ಬ್ಯಾಗ್ ಇಡುವ ಮೊದಲೇ ಒಬ್ಬರು, "ಮಗು ಸಣ್ಣದಲ್ವಾ ಅಕ್ಕ, ನಿಮ್ಮ ಜೊತೆ ಮಲಗಿಸಿ, ಆ ಬರ್ತ್ ನಮಗೆ ಕೊಡಿ" ಅಂದರು. ಒಂದು ಬರ್ತಲ್ಲಿ ಮೂರು ಜನ ಹೇಗೆ ಮಲಗುವುದು?

ಸುಬ್ರಹ್ಮಣ್ಯ ರೋಡ್ ದಾಟಿ ಗಾಡಿ ಘಾಟಿ ಹತ್ತುವಾಗ, ಮಗ ಆಗಷ್ಟೇ ನಿದ್ದೆ ಹೋಗಿದ್ದ, ಮಗಳಿಗೆ ಆಗಲೇ ಟಾಯ್ಲೆಟ್ ಅವಸರ. ಅವನನ್ನು ಬಿಟ್ಟು ಹೋಗಲು ಧೈರ್ಯವಿಲ್ಲ, ಎಬ್ಬಿಸಿದರೆ ಇಡೀ ಬೋಗಿ ಕೇಳುವ ಹಾಗೆ ಅಳುತ್ತಾನೆ, ಕೊನೆಗೆ ಅವನನ್ನು ಹೆಗಲಿಗೆ ಹಾಕಿ, ಇವಳ ಕೈ ಹಿಡಿದು, ಅಲುಗಾಡುವ ಗಾಡಿಯಲ್ಲಿ ನಡೆದೆ. ಬ್ಯಾಗು ದೇವರ ಮೇಲೆ ಭಾರ.

ಎದುರಿನ ಸೀಟಿನವರು ಎಲ್ಲ ನೋಡುತ್ತಿದ್ದರು. ಕೇಳಿದ್ದು ಒಂದೇ, "ಯಜಮಾನರು ಬರಲಿಲ್ವಾ?" ತುಂಬಾ ಬೇಜಾರಾಯಿತು. "ಹೋಗಿ ಬನ್ನಿ, ಮಗುವನ್ನು ನಾವು ನೋಡ್ಕೊಳ್ತೇವೆ" ಅಂದಿದ್ದರೆ ಸಾಕಿತ್ತು ನನಗೆ.