ಬ್ಯಾಟ್‌ಮನ್‌ಗೆ ಆ ಪುಟ್ಟ ದ್ವೀಪವೇ ಸಾಕಾಗಿತ್ತು

ಕಳೆದ ಮಳೆಗಾಲದಲ್ಲಿ ‘ಬ್ಯಾಟ್‌ಮನ್: ಆರ್ಕಮ್ ಅಸೈಲಮ್’ ಗೇಮನ್ನು ಮೂರನೆಯ ಬಾರಿ ಆಡಿ ಮುಗಿಸಿದೆ. ಲಂಡನ್ನಿನ ರಾಕ್‌ಸ್ಟೆಡಿ ಸ್ಟುಡಿಯೋ 2009ರಲ್ಲಿ ಹೊರತಂದ ಆಟ ಅದು. ಅವರೇ ಮುಂದೆ 2011ರಲ್ಲಿ ‘ಆರ್ಕಮ್ ಸಿಟಿ’ಯನ್ನು, 2015ರಲ್ಲಿ ‘ಆರ್ಕಮ್ ನೈಟ್’ ಅನ್ನು ಕೊಟ್ಟರು. ಸಲದಿಂದ ಸಲಕ್ಕೆ ಆಟದ ಊರು ಹಿಗ್ಗಿತು, ಚಿತ್ರಗಳ ಅಂದ ಹೆಚ್ಚಿತು, ಸಲಕರಣೆಗಳ ಪಟ್ಟಿ ಉದ್ದವಾಯಿತು. ಆದರೂ ಮೊದಲನೆಯದನ್ನು ಮಿಕ್ಕ ಎರಡೂ ಮೀರಿಸಲಿಲ್ಲವೆಂದೂ, ಊರು ಹಿಗ್ಗಿದ್ದೇ ಅದಕ್ಕೆ ಕಾರಣವೆಂದೂ ನಾನು ಹೇಳಿದಾಗಲೆಲ್ಲ ಗೆಳೆಯರ ನಡುವೆ ಜಗಳವಾಗುವುದರಿಂದ, ನನ್ನ ವಾದವನ್ನು ಒಮ್ಮೆ ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಕಾಮಿಕ್ಸ್ ನಾಯಕರನ್ನು ಗೇಮಿಗೆ ತರುವವರಿಗೆ ಎದುರಾಗುವ ಮೊದಲ ತೊಡಕು ಅವರ ಶಕ್ತಿಯೇ. ಗುಂಡು ತಾಗದ, ಗೋಡೆ ತಡೆಯದ, ಆಕಾಶದಲ್ಲಿ ಹಾರಬಲ್ಲ ಸೂಪರ್‌ಮ್ಯಾನ್‌ನನ್ನು ಆಟಗಾರನ ಕೈಗೆ ಕೊಟ್ಟ ಮೇಲೆ ಅವನಿಗೆ ಅಡ್ಡಿಯನ್ನು ಎಲ್ಲಿಂದ ತರುವುದು? 1999ರಲ್ಲಿ ನಿಂಟೆಂಡೊ 64 ಕನ್ಸೋಲಿಗೆ ಬಂದ ಸೂಪರ್‌ಮ್ಯಾನ್ ಆಟದವರಿಗೆ ಹೊಳೆದದ್ದು ಬಳೆಗಳು. ಗಾಳಿಯಲ್ಲಿ ತೇಲುವ ಬಳೆಗಳ ಸಾಲಿನಲ್ಲಿ ಒಂದೊಂದರೊಳಗೂ ತೂರಿಕೊಂಡು ಹಾರಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಜಗತ್ತನ್ನು ಕಾಯುವವನಿಗೆ ಸರ್ಕಸ್ಸಿನ ಸಿಂಹದ ಕೆಲಸ. ಅದನ್ನು ಅತ್ಯಂತ ಕೆಟ್ಟ ಗೇಮುಗಳ ಸಾಲಿಗೆ ಸೇರಿಸಿ ಇಂದಿಗೂ ನಗುವವರಿದ್ದಾರೆ.

ಬ್ಯಾಟ್‌ಮನ್‌ಗೆ ಆ ತೊಂದರೆಯಿಲ್ಲ. 1939ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೆಯ ಸಂಚಿಕೆಯಲ್ಲಿ ಕಾಣಿಸಿಕೊಂಡ ದಿನದಿಂದಲೂ ಅವನು ಮನುಷ್ಯನೇ, ಗುಂಡು ತಾಗಿದರೆ ಸಾಯುವವನು. ಅವನ ಬಲವೆಲ್ಲ ಇರುವುದು ಕತ್ತಲಲ್ಲಿ, ತಯಾರಿಯಲ್ಲಿ ಮತ್ತು ಎದುರಾಳಿಯ ಅಂಜಿಕೆಯಲ್ಲಿ. ಆದ್ದರಿಂದ ಅವನಿಗೆ ಬೇಕಾದದ್ದು ಮೂಲೆಗಳಿರುವ ಜಾಗ; ಹಳೆಯ ಮಹಲು, ಜೈಲು, ಆಸ್ಪತ್ರೆ, ಗಿಡಗಳ ಗಾಜಿನ ಮನೆ, ಅಡಿಯಲ್ಲಿ ಗುಹೆಗಳು, ಸುತ್ತಲೂ ನೀರು. ಆರ್ಕಮ್ ದ್ವೀಪವೆಂದರೆ ಇಷ್ಟೇ. ಜೋಕರ್‌ನನ್ನು ಬ್ಯಾಟ್‌ಮನ್ ತಾನೇ ಹಿಡಿದು ಈ ಹುಚ್ಚಾಸ್ಪತ್ರೆಗೆ ಒಪ್ಪಿಸಲು ಬರುತ್ತಾನೆ, ಜೋಕರ್ ತಪ್ಪಿಸಿಕೊಂಡು ದ್ವೀಪವನ್ನೇ ವಶಪಡಿಸಿಕೊಳ್ಳುತ್ತಾನೆ, ಒಂದೇ ರಾತ್ರಿಯಲ್ಲಿ ಕಥೆ ಮುಗಿಯುತ್ತದೆ. ಕಥೆ ಬರೆದ ಪಾಲ್ ಡೀನಿ, ಬ್ಯಾಟ್‌ಮನ್‌ಗೆ ದನಿ ಕೊಟ್ಟ ಕೆವಿನ್ ಕಾನ್‌ರಾಯ್ ಮತ್ತು ಜೋಕರ್‌ಗೆ ದನಿ ಕೊಟ್ಟ ಮಾರ್ಕ್ ಹ್ಯಾಮಿಲ್ ಮೂವರೂ 1992ರಲ್ಲಿ ಶುರುವಾದ ಬ್ಯಾಟ್‌ಮನ್ ಕಾರ್ಟೂನ್ ಧಾರಾವಾಹಿಯಲ್ಲಿ ಪಳಗಿದವರಾದ್ದರಿಂದ ಮಾತುಗಳಲ್ಲಿ ಎಲ್ಲಿಯೂ ಎಡವಟ್ಟಿಲ್ಲ. ಕಾನ್‌ರಾಯ್ 2022ರ ನವೆಂಬರಿನಲ್ಲಿ ತೀರಿಕೊಂಡರು. ಈ ಸಲ ಆಡುವಾಗ ಆ ದನಿ ಕೇಳಿದೊಡನೆ ಸ್ವಲ್ಪ ಹೊತ್ತು ಕಂಟ್ರೋಲರ್ ಕೆಳಗಿಟ್ಟಿದ್ದೆ.

ಹೊಡೆದಾಟದ ರೀತಿಯನ್ನು ಆಮೇಲೆ ಎಷ್ಟೋ ಗೇಮುಗಳು ಎರವಲು ಪಡೆದವು, ಹೀಗಾಗಿ ಇಂದು ಅದು ಹೊಸದೆನಿಸದಿರಬಹುದು. ಒಂದು ಬಟನ್ ಹೊಡೆಯಲು, ಒಂದು ಎದುರಾಳಿಯ ಏಟನ್ನು ತಡೆದು ತಿರುಗಿಸಲು, ಇನ್ನೊಂದು ಮೇಲಂಗಿಯನ್ನು ಬೀಸಿ ಅವನನ್ನು ಕ್ಷಣಕಾಲ ತಬ್ಬಿಬ್ಬುಗೊಳಿಸಲು. ಹತ್ತು ಜನ ಸುತ್ತುವರಿದಾಗ ಬಟನ್ನುಗಳನ್ನು ಸಿಕ್ಕಾಪಟ್ಟೆ ಒತ್ತಿದರೆ ಏಟುಗಳ ಸರಪಳಿ ಕಡಿದು ಹೋಗುತ್ತದೆ. ಚೆಂಡೆಯ ಪೆಟ್ಟಿಗೆ ಕಾಲು ಕೊಡುವ ವೇಷಧಾರಿಯ ಹಾಗೆ ಕಾದು, ಸರಿಯಾದ ಗಳಿಗೆಗೆ ಒತ್ತಿದವನಿಗೆ ಮಾತ್ರ ಅದು ಒಲಿಯುತ್ತದೆ. ಚಾಕು ಹಿಡಿದವನ ಮುಂದೆ ಮೊದಲು ಮೇಲಂಗಿ ಬೀಸಬೇಕು, ವಿದ್ಯುತ್ ಕೋಲು ಹಿಡಿದವನನ್ನು ಹಾರಿ ದಾಟಿ ಬೆನ್ನ ಕಡೆಯಿಂದ ಹೊಡೆಯಬೇಕು.

ಆದರೆ ಆಟದ ನಿಜವಾದ ಹೆಚ್ಚುಗಾರಿಕೆಯಿರುವುದು ಬಂದೂಕುಧಾರಿಗಳಿರುವ ಕೋಣೆಗಳಲ್ಲಿ. ಅಲ್ಲಿ ನೆಲಕ್ಕಿಳಿದು ಎದುರು ನಿಂತರೆ ನಾಲ್ಕು ಗುಂಡಿಗೆ ಕಥೆ ಮುಗಿಯುತ್ತದೆ. ಮೇಲೆ ಕಲ್ಲಿನ ವಿಕಾರ ಮೂರ್ತಿಗಳ ಮೇಲೆ ಕುಳಿತು, ಗುಂಪಿನಿಂದ ಬೇರ್ಪಟ್ಟವನನ್ನು ಒಬ್ಬೊಬ್ಬನಾಗಿ ಎತ್ತಿಕೊಳ್ಳಬೇಕು. ಒಬ್ಬ ತಲೆಕೆಳಗಾಗಿ ತೂಗಾಡುವುದನ್ನು ಕಂಡೊಡನೆ ಉಳಿದವರ ಎದೆಬಡಿತ ಏರುತ್ತದೆ. ಬ್ಯಾಟ್‌ಮನ್‌ನ ಮುಖವಾಡದೊಳಗಿನ ಪರದೆ ಅದನ್ನು ನಮಗೆ ತೋರಿಸುತ್ತದೆ. ಶಾಂತವಾಗಿದ್ದವನು ಗಾಬರಿಯಾಗಿ, ಆಮೇಲೆ ನಡುಗುತ್ತ, ನೆರಳಿಗೂ ಗುಂಡು ಹಾರಿಸತೊಡಗುತ್ತಾನೆ. ಮುಂದೆ ಜೋಕರ್ ಆ ಮೂರ್ತಿಗಳಿಗೂ ಸಿಡಿಮದ್ದು ಕಟ್ಟಿಸಿ ನಮ್ಮ ಆಸರೆಯನ್ನೇ ಕಿತ್ತುಕೊಳ್ಳುತ್ತಾನೆ. ಇಷ್ಟೂ ಸಾಧ್ಯವಾದದ್ದು ನಾಲ್ಕು ಗೋಡೆಗಳಿದ್ದುದರಿಂದ. ಬಯಲಿನಲ್ಲಿ ಹೆದರಿದವನು ಓಡಿಹೋಗುತ್ತಾನೆ. ಮುಚ್ಚಿದ ಕೋಣೆಯಲ್ಲಿ ಹೆದರಿದವನು ಆಟವಾಗುತ್ತಾನೆ.

(ಇನ್ನೂ ಆಡದವರು ಮುಂದಿನ ಪ್ಯಾರಾ ಬಿಟ್ಟು ಓದಿದರೆ ಒಳ್ಳೆಯದು.)

ಇನ್ನೊಬ್ಬ ಖಳ ಸ್ಕೇರ್‌ಕ್ರೋನ ಭ್ರಮೆ ಹುಟ್ಟಿಸುವ ವಿಷದ ಹೊಗೆ ಕುಡಿದ ಬ್ಯಾಟ್‌ಮನ್ ಶವಾಗಾರದಲ್ಲಿ ಚೀಲವೊಂದನ್ನು ಬಿಚ್ಚಿದರೆ ಒಳಗೆ ಅಪ್ಪ, ಇನ್ನೊಂದನ್ನು ಬಿಚ್ಚಿದರೆ ಅಮ್ಮ. ಮತ್ತೊಮ್ಮೆ ಆಸ್ಪತ್ರೆಯ ಓಣಿಯೇ ಅವರು ಕೊಲೆಯಾದ ಬೀದಿಯಾಗಿ, ನಡೆಯುತ್ತಿರುವ ನಾಯಕ ನೋಡನೋಡುತ್ತಿದ್ದಂತೆ ಪುಟ್ಟ ಹುಡುಗನಾಗಿಬಿಡುತ್ತಾನೆ. ಮೂರನೆಯ ಸಲದ್ದಂತೂ ನೇರವಾಗಿ ಆಟಗಾರನ ಮೇಲೆಯೇ ಬೀಸಿದ ಬಲೆ. ಪರದೆ ಕಲಸಿಕೊಂಡು, ಗೇಮ್ ಕೆಟ್ಟು ನಿಂತಂತಾಗಿ, ಮತ್ತೆ ಮೊದಲ ದೃಶ್ಯದಿಂದಲೇ ಶುರುವಾಗುತ್ತದೆ. ಆದರೆ ಈಗ ಕಾರು ಓಡಿಸುತ್ತಿರುವವನು ಜೋಕರ್, ಕಟ್ಟಿಹಾಕಿಸಿಕೊಂಡವನು ಬ್ಯಾಟ್‌ಮನ್. ಮೊದಲ ಸಲ ಆಡಿದಾಗ ನನ್ನ ಹಳೆಯ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಸತ್ತಿತೆಂದೇ ನಂಬಿ ಸ್ವಿಚ್ಚಿಗೆ ಕೈ ಹಾಕಿದ್ದೆ. ಜೋಕರ್‌ನ ಗುಂಡಿಗೆ ಸತ್ತ ಮೇಲೆ ‘ತಪ್ಪಿಸಿಕೊಳ್ಳಲು ನಡುವಿನ ಸ್ಟಿಕ್ ಬಳಸಿ’ ಎಂಬ ಸಲಹೆ ಬರುತ್ತದೆ. ಕಂಟ್ರೋಲರಿನಲ್ಲಿ ನಡುವೆ ಸ್ಟಿಕ್ಕೇ ಇಲ್ಲ!

ದೋಷಗಳಿಲ್ಲವೆಂದಲ್ಲ. ಗೋಡೆಯಾಚೆ ಕಾಣುವ ಆ ಪತ್ತೇದಾರಿ ದೃಷ್ಟಿ ಎಷ್ಟು ಅನುಕೂಲಕರವೆಂದರೆ, ಅರ್ಧ ಗೇಮನ್ನು ನೀಲಿ ಬಣ್ಣದ ಎಲುಬುಗೂಡುಗಳ ನಡುವೆಯೇ ಕಳೆದು, ಕಲಾವಿದರು ಬಿಡಿಸಿದ್ದ ಗೋಡೆ, ಚಿತ್ರ, ತುಕ್ಕು ಯಾವುದನ್ನೂ ನೋಡದೆ ಹೋಗುತ್ತೇವೆ. ರಾಕ್ಷಸ ಗಾತ್ರದವರೊಡನೆ ನಡೆಯುವ ಕಾಳಗಗಳೆಲ್ಲ ಒಂದೇ ಅಚ್ಚಿನವು: ಅವನು ನುಗ್ಗಿ ಬರುತ್ತಾನೆ, ನಾವು ಪಕ್ಕಕ್ಕೆ ಸರಿಯುತ್ತೇವೆ. ಕೊನೆಗೆ ಮಾತಿನಲ್ಲೇ ಕೊಲ್ಲಬಲ್ಲ ಜೋಕರ್‌ನಿಗೂ ಮದ್ದು ಚುಚ್ಚಿಸಿ ಮಾಂಸಪರ್ವತ ಮಾಡಿದ್ದು ನನಗೆ ಇಂದಿಗೂ ಸಹಿಸಲಾಗದ ತಪ್ಪು.

ಈಗ ಗೆಳೆಯರ ವಾದಕ್ಕೆ ಬರುತ್ತೇನೆ. ‘ಆರ್ಕಮ್ ಸಿಟಿ’ಯಲ್ಲಿ ಮೇಲಂಗಿ ಬಿಚ್ಚಿ ಕಟ್ಟಡದಿಂದ ಕಟ್ಟಡಕ್ಕೆ ತೇಲುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಅದರಲ್ಲಿ ಮಿಸ್ಟರ್ ಫ್ರೀಜ್‌ನೊಂದಿಗಿನ ಕಾದಾಟ ಇಡೀ ಸರಣಿಗೇ ಶ್ರೇಷ್ಠವಾದದ್ದು. ಒಮ್ಮೆ ಹೂಡಿದ ಉಪಾಯಕ್ಕೆ ಅವನು ಎರಡನೆಯ ಸಲ ಬೀಳುವುದಿಲ್ಲ, ಪ್ರತಿ ಏಟಿಗೂ ಹೊಸ ದಾರಿ ಹುಡುಕಬೇಕು. ಆದರೆ ಆ ಕಾದಾಟ ನಡೆಯುವುದೆಲ್ಲಿ? ಹಳೆಯ ಪೊಲೀಸ್ ಕಟ್ಟಡದೊಳಗಿನ ಒಂದು ಮುಚ್ಚಿದ ಪ್ರಯೋಗಾಲಯದಲ್ಲಿ. ಹೊರಗಿನ ಊರು ಕೊಟ್ಟದ್ದು ರಿಡ್ಲರ್ ಎಂಬ ಖಳ ಅಲ್ಲಲ್ಲಿ ಒಡ್ಡುವ ಒಗಟುಗಳನ್ನು. ಮೊದಲ ಗೇಮಿನಲ್ಲಿ 240 ಇದ್ದ ಅವು ಇಲ್ಲಿ 440ಕ್ಕೆ ಏರಿದವು. ‘ಆರ್ಕಮ್ ನೈಟ್’ನಲ್ಲಿ ಅವೆಲ್ಲವನ್ನೂ ಬಿಡಿಸದಿದ್ದರೆ ಕಥೆಯ ಪೂರ್ತಿ ಮುಕ್ತಾಯವನ್ನೇ ತೋರಿಸುವುದಿಲ್ಲ. ಅಲ್ಲಿ ಬ್ಯಾಟ್‌ಮನ್‌ನ ಕಾರು ಬ್ಯಾಟ್‌ಮೊಬೈಲ್ ಟ್ಯಾಂಕಾಗಿ ಬದಲಾಗಿ ಚಾಲಕರಿಲ್ಲದ ಬೇರೆ ಟ್ಯಾಂಕುಗಳೊಡನೆ ಗುದ್ದಾಡುತ್ತದೆ; ಕೊಲ್ಲಬಾರದೆಂಬ ವ್ರತದ ನಾಯಕನ ಕೈಗೆ ಫಿರಂಗಿ ಕೊಟ್ಟ ಮೇಲೆ ಎದುರಿಗೆ ಮನುಷ್ಯರಿಲ್ಲದ ಯಂತ್ರಗಳನ್ನೇ ನಿಲ್ಲಿಸಬೇಕಾಯಿತು.

ಅದಕ್ಕಿಂತ ಕಾಡುವುದು ಬೇರೆಯೊಂದು. ಆ ದೊಡ್ಡ ಊರುಗಳಲ್ಲಿ ಜನರೇ ಇಲ್ಲ. ‘ಸಿಟಿ’ಯಲ್ಲಿ ನಗರದ ಒಂದು ಭಾಗಕ್ಕೆ ಗೋಡೆ ಕಟ್ಟಿ ಜೈಲು ಮಾಡಿದ್ದಾರೆ, ‘ನೈಟ್’ನಲ್ಲಿ ವಿಷದ ಬೆದರಿಕೆಗೆ ಜನರನ್ನೆಲ್ಲ ಊರಿನಿಂದ ಸಾಗಿಸಿದ್ದಾರೆ. ಹುಚ್ಚಾಸ್ಪತ್ರೆಯಲ್ಲಿ ಬರೀ ಅಪರಾಧಿಗಳೂ ಕಾವಲುಗಾರರೂ ವೈದ್ಯರೂ ಇರುವುದು ಸಹಜ. ಇಡೀ ನಗರದಲ್ಲಿ ಹಾಗಿರುವುದು ನೆಪ. 2018ರಲ್ಲಿ ಇನ್ಸಾಮ್ನಿಯಾಕ್ ಸ್ಟುಡಿಯೋದ ‘ಸ್ಪೈಡರ್‌ಮ್ಯಾನ್’ ಬಂದಾಗ ಈ ವ್ಯತ್ಯಾಸ ನನಗೆ ಢಾಳಾಗಿ ಕಂಡಿತು. ಅವನಿಗೆ ನ್ಯೂಯಾರ್ಕೇ ಬೇಕು. ಎತ್ತರದ ಕಟ್ಟಡಗಳಿಲ್ಲದಿದ್ದರೆ ಬಲೆಯ ಎಳೆ ಅಂಟುವುದಾದರೂ ಎಲ್ಲಿಗೆ? ಕೆಳಗಿಳಿದರೆ ದಾರಿಹೋಕರು ಕೈ ಬೀಸುತ್ತಾರೆ, ನಾವೂ ಅವರಿಗೆ ಕೈತಟ್ಟಬಹುದು. ಅಂಥ ದೊಡ್ಡ ಊರನ್ನು ಬ್ಯಾಟ್‌ಮನ್‌ಗೂ ಹೊಂದಿಸಹೊರಟದ್ದೇ ತಪ್ಪಾಯಿತೆಂದು ನನ್ನ ಅನಿಸಿಕೆ.

ದ್ವೀಪದಲ್ಲಿ ಬಚ್ಚಿಡುವುದಕ್ಕೂ ಜಾಗವಿತ್ತು. ವಾರ್ಡನ್ ಕಚೇರಿಯ ಒಂದು ಗೋಡೆಯನ್ನು ಮದ್ದಿಟ್ಟು ಒಡೆದರೆ ಒಳಗೊಂದು ಗುಪ್ತ ಕೋಣೆ, ಅದರಲ್ಲಿ ಮುಂದಿನ ಗೇಮಿನ ನಗರದ ನಕ್ಷೆ. ಗೇಮ್ ಬಂದು ತಿಂಗಳುಗಳಾದರೂ ಯಾರಿಗೂ ಸಿಗದೆ, ಕೊನೆಗೆ ತಯಾರಿಸಿದವರೇ ಹೇಳಬೇಕಾಯಿತು. ಗೊತ್ತಿದ್ದೂ ಈ ಸಲ ಮತ್ತೆ ಹೋಗಿ ಒಡೆದೆ. ಅಲ್ಲಿಂದ ಗಿಡಗಳ ಗಾಜಿನ ಮನೆಗೆ, ಗಾಜಿನ ಮನೆಯಿಂದ ಗುಹೆಗಳಿಗೆ ಮ್ಯಾಪ್ ತೆರೆಯದೆಯೇ ನಡೆದುಬಿಟ್ಟೆ. ‘ಆರ್ಕಮ್ ನೈಟ್’ ಅನ್ನು ಎರಡು ಸಲ ಮುಗಿಸಿದ್ದೇನೆ. ಅದರ ಒಂದು ಬೀದಿಯ ಹೆಸರೂ ನೆನಪಿಲ್ಲ.